ನಮ್ಮ ಸೌದೆ, ನಮ್ಮ ಬೆವರು, ಲಾಭ ಯಾರಿಗೆ?

ರಾಮನಗರದ ಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರ ಕಿವಿಗೆ ಬೀಳುವ ಪ್ರಶ್ನೆ ಒಂದೇ: ಇವತ್ತು ಗೂಡಿನ ದರ ಎಷ್ಟು? ರೈತ ಅದನ್ನೇ ಕೇಳುತ್ತಾನೆ. ರೀಲರು ಅದನ್ನೇ ಕೇಳುತ್ತಾನೆ. ಎದುರಿನ ಚಹಾದಂಗಡಿಯವನೂ ಅದನ್ನೇ ಕೇಳುತ್ತಾನೆ, ಏಕೆಂದರೆ ದರ ಏರಿದ ದಿನ ಅವನ ಗಲ್ಲಾಪೆಟ್ಟಿಗೆಯೂ ಸ್ವಲ್ಪ ತುಂಬುತ್ತದೆ. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರು ಪಡೆದ ಮಾರುಕಟ್ಟೆ ಇದು. ಗೂಡಿನ ದರ ಹಲಗೆಯ ಮೇಲೆ ಬರುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಗೂಡನ್ನು ನೂಲಾಗಿ ಮಾಡುವ ಬೆಂಕಿಯ ದರ ಎಷ್ಟೆಂದು ಯಾವ ಹಲಗೆಯ ಮೇಲೂ ಬರೆದಿಲ್ಲ. ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಕೂಡಿ 2007ರಲ್ಲಿ ಬೇರೆ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಜಿಲ್ಲೆ ಹೊಸದಾಯಿತು, ಹೆಸರು ಹೊಸದಾಯಿತು. ಆದರೆ ಬಿಚ್ಚಾಣಿಕೆ ಮನೆಯ ಒಲೆ ಮಾತ್ರ ಅನೇಕ ಕಡೆ ಹಳೆಯದಾಗಿಯೇ ಉಳಿದಿದೆ. ಇಂದು ನಾವು ಬರೆಯಹೊರಟಿರುವುದು ಆ ಒಲೆಯ ವಿಚಾರ.

ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ದೊಡ್ಡವರು ಈಗ ‘ಜೈವಿಕ ಇಂಧನ’ ಎಂಬ ಮಾತನ್ನು ಮಂತ್ರದಂತೆ ಜಪಿಸುತ್ತಿದ್ದಾರೆ. ಕಲ್ಲಿದ್ದಲು ಮುಗಿಯುತ್ತದೆ, ಪರದೇಶದ ಎಣ್ಣೆಗೆ ಹಣ ಹರಿದು ಹೋಗುತ್ತದೆ, ಹೊಗೆಯಿಂದ ಭೂಮಿ ಕಾಯುತ್ತದೆ, ಆದ್ದರಿಂದ ಗಿಡಮರಗಳಿಂದ, ಬೆಳೆಯ ಕಡ್ಡಿಯಿಂದ, ಸಗಣಿಯಿಂದ ಶಕ್ತಿ ತೆಗೆಯೋಣ ಎನ್ನುತ್ತಾರೆ. ಮಾತು ತಪ್ಪಲ್ಲ. ಆದರೆ ನಮ್ಮ ಜನಕ್ಕೆ ಇದು ಹೊಸ ಮಾತೂ ಅಲ್ಲ. ನಮ್ಮ ಬಡವರ ಮನೆಯ ಅನ್ನ ಎಂದಿನಿಂದಲೂ ಬೆಂದಿರುವುದು ಜೈವಿಕ ಇಂಧನದಿಂದಲೇ. ಅದಕ್ಕೆ ಅವರು ಸೌದೆ, ಪುಳ್ಳೆ, ಬೆರಣಿ ಎಂದು ಹೆಸರಿಟ್ಟಿದ್ದರು, ಅಷ್ಟೇ. ಹೊಸ ಪ್ರಶ್ನೆ ಬೇರೆ ಇದೆ. ಈ ಕಡ್ಡಿಗೆ, ಈ ಸಗಣಿಗೆ ಬೆಲೆ ಬರುವ ಕಾಲ ಬಂದಾಗ ಆ ಬೆಲೆ ಯಾರ ಕೈ ಸೇರಬೇಕು?

ಬೆಂಕಿಯ ಮುಂದೆ ಕುಳಿತವರು

ಬಿಚ್ಚಾಣಿಕೆಯ ಕೆಲಸ ಬಲ್ಲವರಿಗೆ ನಾವು ಹೇಳಬೇಕಾದ್ದಿಲ್ಲ. ಮಿಲ್ಲಿನಲ್ಲಿ ದುಡಿಯುವ ಇತರ ಬಂಧುಗಳಿಗಾಗಿ ನಾಲ್ಕು ಮಾತು. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಕೊರೆಯುವ ಮೊದಲೇ ಬಿಸಿ ಹಬೆಯಿಂದಲೋ ಬಿಸಿ ಗಾಳಿಯಿಂದಲೋ ಅದನ್ನು ಕೊಲ್ಲಬೇಕು. ಆಮೇಲೆ ಗೂಡನ್ನು ಬೇಯಿಸಬೇಕು. ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸಡಿಲವಾಗಬೇಕು. ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು, ಹಲವನ್ನು ಒಂದು ಮಾಡಿ, ನೂಲು ಸುತ್ತಬೇಕು. ಒಂದು ಕಿಲೋ ನೂಲಿಗೆ ಗೂಡಿನ ಜಾತಿ ನೋಡಿ ಸುಮಾರು ಆರರಿಂದ ಎಂಟು ಕಿಲೋ ಗೂಡು ಬೇಕು. ಹುಳು ಕೊಲ್ಲಲು ಬೆಂಕಿ, ಬೇಯಿಸಲು ಬೆಂಕಿ, ಬಿಚ್ಚಲು ಬೆಂಕಿ. ಗೂಡನ್ನು ಬಿಟ್ಟರೆ ಮತ್ತು ಕೂಲಿಯನ್ನು ಬಿಟ್ಟರೆ ರೀಲರಿನ ಖರ್ಚಿನಲ್ಲಿ ಎದ್ದು ಕಾಣುವುದು ಈ ಬೆಂಕಿಯ ಖರ್ಚೇ.

ಕೆಲವು ತಿಂಗಳ ಹಿಂದೆ ನಸುಕಿನಲ್ಲಿ ನಾವು ಅಂಥ ಒಂದು ಮನೆಗೆ ಹೋಗಿದ್ದೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಅಂಗಳದಲ್ಲಿ ಹಾಕಿದ್ದ ಸೌದೆ ನೆನೆದಿತ್ತು. ಒಲೆಯ ಬಾಯಿಂದ ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಬರುತ್ತಿತ್ತು. ತಗ್ಗಿದ ಸೂರಿನ ಕೆಳಗೆ ಎದುರಿಗಿದ್ದವರ ಮುಖ ಕಾಣುವಂತಿರಲಿಲ್ಲ. ತೊಟ್ಟಿಯ ಮುಂದೆ ಕುಳಿತ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಅದೇ ಕೈಯನ್ನು ಮತ್ತೆ ಬಿಸಿನೀರಿಗೆ ಇಳಿಸುತ್ತಿದ್ದಳು. ಬೆರಳುಗಳ ತುದಿ ಬಿಳಿಚಿ ಸುಕ್ಕುಗಟ್ಟಿತ್ತು. “ಗೂಡಿನ ದರ ಹೇಗಿದೆಯಮ್ಮ?” ಎಂದು ನಾವು ಕೇಳಿದೆವು. ಆ ತಾಯಿ ಹೇಳಿದ ಮಾತು ಇದು: “ಮೇಷ್ಟ್ರೇ, ದರ ಏರಿದರೂ ನಮಗೆ ಅಷ್ಟೇ, ಇಳಿದರೂ ನಮಗೆ ಅಷ್ಟೇ. ಹಸಿ ಸೌದೆ ಬಂದ ದಿನ ಮಾತ್ರ ನಮ್ಮ ಕಣ್ಣಿಗೆ ಗೊತ್ತಾಗುತ್ತೆ.”

ಜೈವಿಕ ಇಂಧನದ ಮೇಲೆ ನಾವು ಓದಿದ ಯಾವ ವರದಿಯಲ್ಲಿಯೂ ಇಷ್ಟು ಸ್ಪಷ್ಟವಾದ ಮಾತು ಸಿಕ್ಕಿಲ್ಲ.

ನೀರಿಗೆ ಕೊಡುವ ಹಣ

ನಾವು ಹಿಂದೆ ಸ್ಕೂಲ್ ಮೇಷ್ಟರಾಗಿದ್ದವರು. ಹಳೆಯ ಚಾಳಿ ಬಿಡದು. ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕದೆ ಮಾತು ಮುಗಿಸಲಾರೆವು. ಅಂಗಡಿ ಇಟ್ಟುಕೊಂಡಿರುವ ಬಂಧುಗಳು ಈ ಲೆಕ್ಕವನ್ನು ದಯವಿಟ್ಟು ನಿಧಾನವಾಗಿ ನೋಡಬೇಕು.

ಪೂರ್ತಿ ಒಣಗಿದ ಒಂದು ಕಿಲೋ ಮರ ಉರಿದರೆ ಸುಮಾರು 4,500 ಕಿಲೋ ಕ್ಯಾಲೊರಿ ಶಾಖ ಬರುತ್ತದೆ. ಆದರೆ ಮಾರುಕಟ್ಟೆಯಲ್ಲಿ ಪೂರ್ತಿ ಒಣಗಿದ ಮರ ಎಲ್ಲಿ ಸಿಗುತ್ತದೆ? ಸೌದೆಯಲ್ಲಿ ನೀರು ಇದ್ದೇ ಇರುತ್ತದೆ. ಆ ನೀರು ಉರಿಯುವುದಿಲ್ಲ. ಉಳಿದ ಮರದ ಶಾಖವನ್ನೇ ಕುಡಿದು ಹಬೆಯಾಗಿ ಹೋಗುತ್ತದೆ. ಒಂದು ಕಿಲೋ ನೀರನ್ನು ಕಾಯಿಸಿ ಹಬೆ ಮಾಡಲು ಸುಮಾರು 615 ಕಿಲೋ ಕ್ಯಾಲೊರಿ ಬೇಕು.

ಈಗ ನೂರು ಕಿಲೋ ಹಸಿ ಸೌದೆ ತನ್ನಿ. ಅದರಲ್ಲಿ ನಲವತ್ತು ಕಿಲೋ ನೀರು ಇದೆಯೆನ್ನಿ. ಮರ ಅರವತ್ತು ಕಿಲೋ ಮಾತ್ರ. ಅದರಿಂದ 2,70,000 ಕಿಲೋ ಕ್ಯಾಲೊರಿ ಬಂದು, ನೀರನ್ನು ಓಡಿಸಲು 24,600 ಹೋಗಿ, ಕೈಗೆ ಉಳಿಯುವುದು 2,45,400. ಇನ್ನೊಂದು ಕಡೆ ನೂರು ಕಿಲೋ ಒಣ ಸೌದೆ ತನ್ನಿ; ನೀರು ಹದಿನೈದು ಕಿಲೋ ಮಾತ್ರ. ಎಂಬತ್ತೈದು ಕಿಲೋ ಮರದಿಂದ 3,82,500 ಬಂದು, 9,225 ಹೋಗಿ, ಉಳಿಯುವುದು 3,73,275. ತಕ್ಕಡಿಯ ಮೇಲೆ ಎರಡೂ ನೂರು ಕಿಲೋ. ಒಲೆಯಲ್ಲಿ ಮಾತ್ರ ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟು!

ಹಸಿ ಸೌದೆಯನ್ನು ತೂಕಕ್ಕೆ ಕೊಂಡ ಬಡ ರೀಲರು ನೂರು ರೂಪಾಯಿಯಲ್ಲಿ ನಲವತ್ತು ರೂಪಾಯಿಯನ್ನು ನೀರಿಗೆ ಕೊಡುತ್ತಾನೆ. ಅದೇ ನೀರು ಅವನ ಕೂಲಿಯವಳ ಕಣ್ಣಿಗೆ ಹೊಗೆಯಾಗಿ ಬರುತ್ತದೆ. ಸೌದೆಯನ್ನು ಎರಡು ಮೂರು ತಿಂಗಳು ಸೂರಿನಡಿ ಒಟ್ಟಿ ಒಣಗಿಸಿದರೆ ಸಾಕು. ಇದಕ್ಕೆ ಯಾವ ಹೊಸ ಯಂತ್ರವೂ ಬೇಡ. ಆದರೆ ಒಟ್ಟಲು ಜಾಗ ಬೇಕು, ಮುಂಗಡ ಹಣ ಬೇಕು. ಜಾಗವೂ ಹಣವೂ ಇದ್ದವನು ಬೇಸಿಗೆಯಲ್ಲೇ ಲಾರಿಗಟ್ಟಲೆ ಕೊಂಡು ಒಣಗಿಸುತ್ತಾನೆ. ದಿನದ ಗೂಡಿಗೆ ದಿನದ ಸಾಲ ಎತ್ತುವವನು ಮಳೆಗಾಲದಲ್ಲಿ ಹಸಿ ಸೌದೆಯನ್ನೇ ಕೊಳ್ಳುತ್ತಾನೆ. ಹೀಗೆ ಬಡವನಿಗೆ ಬೆಂಕಿಯೂ ದುಬಾರಿ!

ಮೂಲೆಯಲ್ಲಿ ತುಕ್ಕು ಹಿಡಿದ ಯಂತ್ರ

ಸೌದೆಯನ್ನು ನೇರವಾಗಿ ಸುಡದೆ, ಮೊದಲು ಅನಿಲವಾಗಿ ಮಾಡಿ ಆ ಅನಿಲವನ್ನು ಉರಿಸುವ ಯಂತ್ರವೊಂದಿದೆ. ಅದಕ್ಕೆ ಗ್ಯಾಸಿಫೈಯರ್ ಎನ್ನುತ್ತಾರೆ. ಸಣ್ಣ ತುಂಡು ಮಾಡಿದ ಒಣ ಸೌದೆಯನ್ನು ಕಬ್ಬಿಣದ ಕೊಳವೆಯಂಥ ಪಾತ್ರೆಗೆ ತುಂಬಿ, ಗಾಳಿಯನ್ನು ಅಳತೆಮಾಡಿ ಕಡಿಮೆ ಕೊಟ್ಟರೆ, ಮರ ಪೂರ್ತಿ ಉರಿಯದೆ ಅರ್ಧ ಬೆಂದು ಅನಿಲ ಬಿಡುತ್ತದೆ. ಒಂದು ಕಿಲೋ ಸೌದೆಗೆ ಎರಡು ಘನ ಮೀಟರಿಗೂ ಹೆಚ್ಚು ಅನಿಲ ಬರುತ್ತದೆ. ಅದನ್ನು ತೊಟ್ಟಿಯ ಕೆಳಗೆ ಅಡಿಗೆ ಗ್ಯಾಸಿನಂತೆ ಉರಿಸಬಹುದು, ಬೇಕಾದಾಗ ಹೆಚ್ಚಿಸಬಹುದು, ಬೇಡವಾದಾಗ ತಗ್ಗಿಸಬಹುದು. ಹೊಗೆ ಬಹುಮಟ್ಟಿಗೆ ಇಲ್ಲ. ನೀರಿನ ಬಿಸಿ ಒಂದೇ ಹದದಲ್ಲಿ ನಿಂತರೆ ನೂಲಿನ ಗುಣವೂ ಚೆನ್ನಾಗಿರುತ್ತದೆ.

ದೆಹಲಿಯ ಟೆರಿ ಸಂಸ್ಥೆಯವರು ಸ್ವಿಟ್ಜರ್ಲೆಂಡ್ ಸರಕಾರದ ನೆರವಿನಿಂದ 1990ರ ದಶಕದಲ್ಲಿ ರೇಷ್ಮೆ ಬಿಚ್ಚಾಣಿಕೆಗೆಂದೇ ಇಂಥ ಒಲೆಯನ್ನು ಮಾಡಿ, ಕರ್ನಾಟಕದಲ್ಲಿ ಪ್ರಯೋಗ ನಡೆಸಿದರು. ಹಳೆಯ ಒಲೆಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಸೌದೆ ಉಳಿಯಿತು. ಇದು ಮೂವತ್ತು ವರ್ಷದ ಹಿಂದಿನ ಮಾತು. ಅರ್ಧ ಸೌದೆ ಉಳಿಸುವ ಒಲೆ ಮೂವತ್ತು ವರ್ಷದಲ್ಲಿ ಮನೆ ಮನೆಗೂ ಬರಬೇಕಾಗಿತ್ತು. ಏಕೆ ಬರಲಿಲ್ಲ?

“ನಮ್ಮ ಜನ ಹಳೆಯದನ್ನು ಬಿಡುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ” ಎಂದು ಅಧಿಕಾರಿಗಳು ಹೇಳುವುದುಂಟು. ಇದನ್ನು ನಾವು ಒಪ್ಪುವುದಿಲ್ಲ. ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಮಲ್ಟಿ ಎಂಡ್ ಯಂತ್ರಕ್ಕೆ, ಈಗ ಚೀನಾದ ಮಾದರಿಯ ಸ್ವಯಂಚಾಲಿತ ಯಂತ್ರಕ್ಕೆ ಬದಲಾದ ಜನ ಇವರೇ ತಾನೆ? ಲಾಭ ಕಂಡರೆ ನಮ್ಮ ರೀಲರು ಯಾವ ಯಂತ್ರಕ್ಕೂ ಹೆದರುವವನಲ್ಲ.

ನಾವು ಕಂಡ ಒಂದು ಯಂತ್ರದ ಕಥೆ ಕೇಳಿ. ಒಂದು ಬಿಚ್ಚಾಣಿಕೆ ಮನೆಯ ಮೂಲೆಯಲ್ಲಿ ಗ್ಯಾಸಿಫೈಯರ್ ತುಕ್ಕು ಹಿಡಿದು ನಿಂತಿತ್ತು. ಅದರ ಮೇಲೆ ಖಾಲಿ ಗೂಡಿನ ಚೀಲ ಒಣಹಾಕಿದ್ದರು. ಏನಾಯಿತೆಂದು ಕೇಳಿದರೆ ಯಜಮಾನ ಬೆರಳು ಮಡಿಸುತ್ತ ಹೇಳಿದ: ಗಾಳಿ ಊದುವ ಬ್ಲೋಯರಿಗೆ ಕರೆಂಟು ಬೇಕು, ಕೆಲಸದ ನಡುವೆ ಕರೆಂಟು ಹೋದರೆ ತೊಟ್ಟಿ ತಣ್ಣಗಾಗುತ್ತದೆ. ಸೌದೆಯನ್ನು ಅಂಗೈಯಷ್ಟು ತುಂಡು ಮಾಡಬೇಕು, ಅದಕ್ಕೆ ಒಂದಾಳು ಹೆಚ್ಚು. ಒಳಗಿನ ತಗಡು ಸುಟ್ಟು ತೂತಾದಾಗ ರಿಪೇರಿಗೆ ಊರಿನಲ್ಲಿ ಯಾರೂ ಇರಲಿಲ್ಲ; ಬರುತ್ತೇವೆಂದ ಮೆಕ್ಯಾನಿಕ್ ಬರಲಿಲ್ಲ. ಕೊನೆಯ ಕಾರಣವನ್ನು ಮೆಲ್ಲಗೆ ಹೇಳಿದ: “ಮನೆ ಬಾಡಿಗೆಯದು, ಮೇಷ್ಟ್ರೇ. ನೆಲದಲ್ಲಿ ಹೂತು ನಿಲ್ಲಿಸಿದ ಯಂತ್ರ ಹೊತ್ತುಕೊಂಡು ಎಲ್ಲಿಗೆ ಹೋಗಲಿ?”

ವಾಚಕರೇ, ಇದರಲ್ಲಿ ತಿಳಿವಳಿಕೆಯ ಕೊರತೆ ಎಲ್ಲಿದೆ? ಯಂತ್ರ ಕೊಟ್ಟವರು ಯಂತ್ರದ ಲೆಕ್ಕ ಮಾಡಿದರು. ರೀಲರಿನ ಲೆಕ್ಕ ಮಾಡಲಿಲ್ಲ. ಅವನ ಮನೆ ಯಾರದು, ಅವನ ಸಾಲ ಯಾರಲ್ಲಿದೆ, ಸೌದೆ ಕಡಿಯುವವರು ಯಾರು, ಕೆಟ್ಟರೆ ಕೂಗಿದಾಗ ಬರುವವರು ಯಾರು ಎಂದು ಕೇಳಲಿಲ್ಲ. ಸಬ್ಸಿಡಿ ಕೊಟ್ಟು ಫೋಟೋ ತೆಗೆಸಿಕೊಂಡ ದಿನಕ್ಕೆ ಯೋಜನೆ ಮುಗಿಯಿತು ಎಂದುಕೊಂಡರೆ ಯಂತ್ರಕ್ಕೆ ತುಕ್ಕು ಹಿಡಿಯದೆ ಮತ್ತೇನಾಗುತ್ತದೆ?

ಇನ್ನೊಂದು ಮಾತನ್ನೂ ಬಚ್ಚಿಡಬಾರದು. ಈ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಮನುಷ್ಯನನ್ನು ಕೊಲ್ಲುತ್ತದೆ. ಗಾಳಿಯಾಡದ ಮನೆಯಲ್ಲಿ ಇಂಥ ಯಂತ್ರ ಇಡುವುದು ಕೂಲಿಕಾರನ ಪ್ರಾಣದ ಮೇಲೆ ಸೌದೆ ಉಳಿಸಿದಂತೆ. ಯಂತ್ರ ಬರಲಿ, ಆದರೆ ಅದಕ್ಕಿಂತ ಮೊದಲು ಕಿಟಕಿ ಬರಲಿ.

ಮಾಗಡಿಯ ಆಚೆಯ ಪಾಠ

ಮಾಗಡಿಯಿಂದ ಆಚೆ ಗಡಿ ದಾಟಿದರೆ ಕುಣಿಗಲ್ ತಾಲ್ಲೂಕು. ಅಲ್ಲಿ ಪುರ ಎಂಬ ಒಂದು ಸಣ್ಣ ಹಳ್ಳಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗ ಆರಂಭಿಸಿದರು. ಹಳ್ಳಿಯ ಬಡವರಿಗೆ ಉಪಯೋಗವಾಗುವ ವಿಜ್ಞಾನ ಬೇಕೆಂಬುದು ಅವರ ಹಟ. ಹೊಗೆಗೂಡು ಇರುವ ಅಸ್ತ್ರ ಒಲೆಯನ್ನು ನಮ್ಮ ಅನೇಕ ವಾಚಕರ ತಾಯಂದಿರು ಉರಿಸಿದ್ದಾರೆ. ಪುರದಲ್ಲಿ ಅವರು ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು.

ಮೊದಲ ಪ್ರಯತ್ನ ಸೋತಿತು. ಎಲ್ಲ ಮನೆಗೂ ಅಡಿಗೆಗೆ ಅನಿಲ ಕೊಡುವ ಯೋಜನೆ ಅದು. ಬಂದ ಸಗಣಿಯಿಂದ ಎಲ್ಲರ ಅಡಿಗೆಗೂ ಸಾಲುವಷ್ಟು ಅನಿಲ ಬರಲಿಲ್ಲ. ಆಗ ಆ ವಿಜ್ಞಾನಿಗಳು ಒಂದು ದೊಡ್ಡ ಕೆಲಸ ಮಾಡಿದರು: ಊರಿನವರನ್ನು ಕೇಳಿದರು. ಊರಿನವರು, ಮುಖ್ಯವಾಗಿ ಹೆಂಗಸರು, ತಮಗೆ ಕುಡಿಯುವ ನೀರು ಬೇಕು ಎಂದರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರ ಸಗಣಿಯನ್ನು ತೂಗಿ ಪುಸ್ತಕದಲ್ಲಿ ಬರೆದರು. ತಂದದ್ದಕ್ಕೆ ಹಣ ಕೊಟ್ಟರು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವನ್ನು ಅವರವರ ಪಾಲಿಗೆ ಹಿಂದಕ್ಕೆ ಕೊಟ್ಟರು. ಸಗಣಿ ಹೊರುತ್ತಿದ್ದ ಹೆಂಗಸರ ಕೈಗೆ ಅದರ ಕಾಸು ಬಂತು. ಸುಮಾರು ಒಂದು ದಶಕ ನಡೆದು, 1990ರ ದಶಕದ ಕೊನೆಯ ಹೊತ್ತಿಗೆ ಅದು ನಿಂತಿತು.

ನಿಂತುಹೋದದ್ದನ್ನು ಏಕೆ ಹೇಳುತ್ತೀರಿ ಎಂದು ಕೆಲವರು ಕೇಳಬಹುದು. ನಡೆದಷ್ಟು ಕಾಲ ಅದು ತೋರಿಸಿದ ದಾರಿಗಾಗಿ ಹೇಳುತ್ತೇವೆ. ಎರಡು ಘನ ಮೀಟರಿನ ಒಂದು ಮನೆಯ ಗೋಬರ್ ಗ್ಯಾಸಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಅತಿ ಚಿಕ್ಕದಾದ ಒಂದು ಘನ ಮೀಟರಿನದಕ್ಕೂ 25 ಕಿಲೋ ಬೇಕು. ಖಾದಿ ಕಮಿಷನ್ನಿನ ಕಾಲದಿಂದ, 1981ರ ರಾಷ್ಟ್ರೀಯ ಯೋಜನೆಯ ಕಾಲದಿಂದ ಸರಕಾರ ಮನೆಗೊಂದು ಸ್ಥಾವರಕ್ಕೆ ಸಹಾಯಧನ ಕೊಡುತ್ತ ಬಂದಿದೆ. ಕಾಗದದ ಮೇಲೆ ಅದು ಎಲ್ಲರಿಗೂ ಇದೆ. ಕೊಟ್ಟಿಗೆಯಲ್ಲಿ ಒಂದೇ ಹಸು ಇರುವವನಿಗೆ ಅದರಿಂದ ಏನು ಬಂತು? ಹತ್ತು ಕಿಲೋ ಸಗಣಿಯಲ್ಲಿ ಅವನ ಒಲೆ ಉರಿಯದು. ಆದರೆ ಹತ್ತು ಮನೆಯ ಹತ್ತು ಹಸುವಿನ ಸಗಣಿ ಕೂಡಿದರೆ ಸ್ಥಾವರ ನಡೆಯುತ್ತದೆ. ಒಂಟಿಯಾಗಿ ಬಡವನಿಗೆ ಆಗದ್ದು ಕೂಡಿದರೆ ಆಗುತ್ತದೆ ಎಂಬ ಮಾತನ್ನು ಪುರದ ಜನ ಸಗಣಿಯ ಲೆಕ್ಕದಲ್ಲಿಯೇ ಸಾಧಿಸಿ ತೋರಿಸಿದರು.

ತುಮಕೂರು ಜಿಲ್ಲೆಯಲ್ಲಿಯೇ 2001ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಇನ್ನೊಂದು ದೊಡ್ಡ ಯೋಜನೆ ಆರಂಭವಾಗಿ, ಕಬ್ಬಿಗೆರೆಯಲ್ಲಿ ಸೌದೆಯ ಅನಿಲದಿಂದ ವಿದ್ಯುತ್ ತೆಗೆದು ಸರಕಾರದ ತಂತಿಗೆ ಮಾರಿದರು. ಯಂತ್ರ ಓಡುತ್ತದೆ ಎಂಬುದು ಅಲ್ಲಿ ಸಿದ್ಧವಾಯಿತು. ಕನಕಪುರದ ಪಕ್ಕದ ಮಳವಳ್ಳಿಯಲ್ಲಿ 2001ರಲ್ಲಿಯೇ 4.5 ಮೆಗಾವಾಟಿನ ಖಾಸಗಿ ಸ್ಥಾವರವೊಂದು ಕಬ್ಬಿನ ರವದಿ, ತೆಂಗಿನ ಗರಿಗಳನ್ನು ಕೊಂಡು ಸುಟ್ಟು ವಿದ್ಯುತ್ ಮಾಡತೊಡಗಿತು. ಗದ್ದೆಯಲ್ಲಿ ಬೆಂಕಿಯಿಟ್ಟು ಸುಡುತ್ತಿದ್ದ ರವದಿಗೆ ಬೆಲೆ ಬಂದದ್ದು ಒಳ್ಳೆಯದೇ. ಆದರೆ ಕೊಳ್ಳುವವನು ಒಬ್ಬನೇ ಆಗಿ ಮಾರುವವರು ಸಾವಿರ ಮಂದಿಯಾದರೆ ಬೆಲೆ ಯಾರು ಕಟ್ಟುತ್ತಾರೆ ಎಂಬುದನ್ನು ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೆ ನಾವು ಕಲಿಸಬೇಕಾದ್ದಿಲ್ಲ.

ಅನ್ನವನ್ನೂ ಎಂಜಿನನ್ನೂ ಬೆರೆಸಬೇಡಿ

ಜೈವಿಕ ಇಂಧನದ ಹೆಸರಿನಲ್ಲಿ ನಡೆದದ್ದೆಲ್ಲ ಒಳ್ಳೆಯದಲ್ಲ. 2003ರ ಹೊತ್ತಿಗೆ ಕಾಡುಹರಳು, ಅಂದರೆ ಜಟ್ರೋಪ, ಬೆಳೆಸಿದರೆ ಬರಡು ನೆಲವೆಲ್ಲ ಡೀಸೆಲ್ ಬಾವಿಯಾಗುತ್ತದೆ ಎಂದು ದೇಶದಲ್ಲೆಲ್ಲ ಪ್ರಚಾರ ನಡೆಯಿತು. 2009ರ ರಾಷ್ಟ್ರೀಯ ನೀತಿ 2017ರೊಳಗೆ ಶೇಕಡ 20 ಜೈವಿಕ ಇಂಧನ ಬೆರೆಸುತ್ತೇವೆಂದಿತು. ಬರಡು ನೆಲ ಎಣ್ಣೆ ಕೊಡಲಿಲ್ಲ. ನೀರು ಗೊಬ್ಬರ ಇಲ್ಲದೆ ಯಾವ ಗಿಡವೂ ಫಲ ಕೊಡದು ಎಂಬುದು ರೈತನಿಗೆ ಮೊದಲೇ ಗೊತ್ತಿತ್ತು. ಕಾಗದದಲ್ಲಿ ‘ಬರಡು’ ಎಂದು ಬರೆದ ನೆಲ ಎಷ್ಟೋ ಊರಿನಲ್ಲಿ ಬಡವರ ಕುರಿ ಮೇಕೆ ಮೇಯುವ ಗೋಮಾಳವಾಗಿತ್ತು ಎಂಬುದೂ ಗೊತ್ತಿತ್ತು.

ಈಗ ಎಥೆನಾಲಿನ ಕಾಲ. ಪೆಟ್ರೋಲಿಗೆ ಶೇಕಡ 20 ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಅದಕ್ಕೆ ಕಬ್ಬು ಸಾಲದೆ ಮುಸುಕಿನ ಜೋಳವೂ ಅಕ್ಕಿಯೂ ಹೋಗುತ್ತಿವೆ. ಜೋಳ ಬೆಳೆದವನಿಗೆ ಬೆಲೆ ಬಂದರೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಜೋಳ ಕೋಳಿಯ ಮೇವು. ಮೇವಿನ ಬೆಲೆ ಏರಿದರೆ ಮೊಟ್ಟೆಯ ಬೆಲೆ ಏರುತ್ತದೆ. ಕೂಲಿಕಾರನ ಮಗುವಿನ ತಟ್ಟೆಯಿಂದ ಮೊಟ್ಟೆ ಇಳಿಯುತ್ತದೆ. ತಿನ್ನುವುದನ್ನು ಸುಡಬೇಡಿ, ತಿಂದು ಉಳಿದದ್ದನ್ನು ಸುಡಿ. ಇದೇ ನಮ್ಮ ಮೊದಲ ಸೂತ್ರ.

ನಮ್ಮ ನಾಲ್ಕು ತಾಲ್ಲೂಕಿನ ಆಸ್ತಿ

ಉಳಿದದ್ದು ನಮ್ಮಲ್ಲಿ ಏನಿದೆ? ಕನಕಪುರ, ರಾಮನಗರ, ಮಾಗಡಿಯ ಹಿಪ್ಪುನೇರಳೆ ತೋಟಗಳಿಂದ ರೆಂಬೆ ಸಮೇತ ಸೊಪ್ಪು ಕಡಿದು ಹುಳುವಿಗೆ ಹಾಕುತ್ತಾರೆ. ಹುಳು ಎಲೆ ತಿಂದ ಮೇಲೆ ಕಡ್ಡಿ ಉಳಿಯುತ್ತದೆ. ವರ್ಷಕ್ಕೆ ಹಲವು ಬೆಳೆ, ಪ್ರತಿ ಬೆಳೆಗೂ ಹೊರೆಗಟ್ಟಲೆ ಕಡ್ಡಿ. ಅದೇ ಹುಳುವಿನ ಗೂಡನ್ನು ಬೇಯಿಸಲು ಅದೇ ಗಿಡದ ಕಡ್ಡಿ! ಚನ್ನಪಟ್ಟಣದ ತೆಂಗಿನ ತೋಟಗಳಲ್ಲಿ ಗರಿ, ಕುರಂಬಳೆ, ಮೊಟ್ಟು, ಚಿಪ್ಪು. ಅಲ್ಲಿಯ ಗೊಂಬೆ ಕೆಲಸದ ಮನೆಗಳಲ್ಲಿ ಹಾಲೆ ಮರದ ಹೊಟ್ಟು. ರಾಮನಗರದ ಮಾವಿನ ತೋಪುಗಳಲ್ಲಿ ಸವರಿದ ಕೊಂಬೆ. ಎಲ್ಲ ಕಡೆ ದನದ ಸಗಣಿ, ಹುಳುಮನೆಯ ಹಿಕ್ಕೆ ಮತ್ತು ಕಸ. ಬಿಚ್ಚಿದ ಮೇಲೆ ಉಳಿಯುವ ಹುಳುವಿನಲ್ಲಿ ಎಣ್ಣೆ ಇದೆ, ಕೋಳಿ ಮೀನುಗಳಿಗೆ ಮೇವಿದೆ. ಅದನ್ನು ಕೊಳೆಯಲು ಬಿಟ್ಟು ಅರ್ಕಾವತಿಯ ದಡದಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ಸ್ಥಿತಿ ಯಾರ ಕರ್ಮ?

ಆದರೆ ಎಚ್ಚರಿಕೆ. ಪಟ್ಟಣದಲ್ಲಿ ಕುಳಿತವರು ಇದನ್ನೆಲ್ಲ ‘ತ್ಯಾಜ್ಯ’ ಎಂದು ಬರೆದು ಟನ್ನುಗಳ ಲೆಕ್ಕ ಕೂಡಿಸುತ್ತಾರೆ. ಬಡವರ ಮನೆಯಲ್ಲಿ ತ್ಯಾಜ್ಯ ಎಂಬುದು ಇಲ್ಲ. ರಾಗಿಯ ಹುಲ್ಲು ದನದ ಹೊಟ್ಟೆಗೆ ಬೇಕು. ಎಲೆ ಕಸ ಹೊಲಕ್ಕೆ ಬೇಕು. ಹಿಪ್ಪುನೇರಳೆ ಕಡ್ಡಿ ಇಂದು ಎಷ್ಟೋ ಮನೆಯಲ್ಲಿ ಅನ್ನ ಬೇಯಿಸುತ್ತಿದೆ. ಸಿಲಿಂಡರು ಮನೆಯಲ್ಲಿದ್ದರೂ ತುಂಬಿಸಲು ದುಡ್ಡಿಲ್ಲದ ತಿಂಗಳಲ್ಲಿ ಆ ಕಡ್ಡಿಯೇ ಗತಿ. ನಾಳೆ ದೊಡ್ಡ ಬಾಯ್ಲರಿನವನು ಬಂದು ತೋಟದ ಯಜಮಾನನಿಂದ ಕಡ್ಡಿಯನ್ನೆಲ್ಲ ಲಾರಿಗೆ ತುಂಬಿಸಿಕೊಂಡರೆ, ಇಂದು ಕೂಲಿಯ ಜೊತೆಗೆ ಒಂದು ಹೊರೆ ಕಡ್ಡಿ ಹೊತ್ತು ಮನೆಗೆ ಹೋಗುವ ಹೆಂಗಸು ನಾಳೆ ಏನು ಹೊರಬೇಕು? ಆದ್ದರಿಂದ ನಮ್ಮ ಎರಡನೆಯ ಸೂತ್ರ: ಬಡವರ ಅಡಿಗೆ ಒಲೆಯ ಪಾಲು ಮೊದಲು, ಯಂತ್ರದ ಪಾಲು ಆಮೇಲೆ.

ಮೂರನೆಯ ಸೂತ್ರ ಮಣ್ಣಿನದು. ಹೊಲದಿಂದ ತೆಗೆದುಕೊಂಡದ್ದರಲ್ಲಿ ಸಾಧ್ಯವಾದಷ್ಟನ್ನು ಹೊಲಕ್ಕೆ ಹಿಂದಕ್ಕೆ ಕೊಡಬೇಕು. ಕಡ್ಡಿಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಗೋಬರ್ ಗ್ಯಾಸಿನ ಬಗ್ಗಡದಲ್ಲಿ ಸಾರಜನಕ ಇದೆ. ಅದನ್ನು ಚರಂಡಿಗೆ ಚೆಲ್ಲುವವನು ಮಕ್ಕಳ ಬಾಯಿಯ ಅನ್ನ ಚೆಲ್ಲಿದಂತೆ. ಹಾಗೆಯೇ, ಇಂಧನಕ್ಕೆಂದು ನೀಲಗಿರಿ ತೋಪುಗಳನ್ನು ಮತ್ತೆ ಎಬ್ಬಿಸುವುದು ಬೇಡ. 2017ರಲ್ಲಿ ಸರಕಾರವೇ ಅದನ್ನು ನೆಡುವುದನ್ನು ನಿಷೇಧಿಸಿತು. ಹೊಲದ ಬದುವಿನಲ್ಲಿ ಹೊಂಗೆ ಇರಲಿ. ನೆರಳೂ ಬರುತ್ತದೆ, ಸೊಪ್ಪಿನ ಗೊಬ್ಬರವೂ ಬರುತ್ತದೆ, ಎಣ್ಣೆಯೂ ಬರುತ್ತದೆ. ನಮ್ಮ ಅಜ್ಜಂದಿರು ಹೊಂಗೆಯೆಣ್ಣೆಯ ದೀಪದಲ್ಲಿ ಓದಿದವರು.

ಕೇಳುವವರಿಗೆ ಉತ್ತರ

“ಸೌದೆಯ ಗೊಡವೆಯೇ ಏಕೆ? ಬಿಸಿಲಿನಿಂದ ನೀರು ಕಾಯಿಸಬಹುದಲ್ಲ?” ಎಂದು ಯುವಕ ಮಿತ್ರರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕಾಯಿಸಬಹುದು, ಕಾಯಿಸಬೇಕು. 25 ಡಿಗ್ರಿಯ ನೀರನ್ನು 90 ಡಿಗ್ರಿಗೆ ತರುವ ಕೆಲಸದಲ್ಲಿ 60 ಡಿಗ್ರಿಯವರೆಗೆ ಸೂರ್ಯ ತಂದುಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಉಳಿದದ್ದಕ್ಕೆ, ಮೋಡದ ದಿನಕ್ಕೆ, ಹಬೆಗೆ ಬೆಂಕಿ ಬೇಕು. ಎರಡೂ ಒಂದಕ್ಕೊಂದು ವೈರಿಗಳಲ್ಲ.

“ಯಂತ್ರ ಬಂದರೆ ಕೂಲಿ ಹೋಗುತ್ತದೆ” ಎಂಬ ಅಂಜಿಕೆ ಇನ್ನೊಂದು. ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರದಿಂದ ಕೈಗಳು ಕಡಿಮೆಯಾಗುತ್ತವೆ, ನಿಜ. ಆ ಹೋರಾಟ ಬೇರೆ ಇದೆ. ಒಲೆ ಸುಧಾರಿಸಿದರೆ ಹೋಗುವುದು ಹೊಗೆ, ಕೈಗಳು ಹೋಗುವುದಿಲ್ಲ. ಬದಲಾಗಿ ಕಡ್ಡಿ ಕೂಡಿಸುವ, ತುಂಡು ಮಾಡುವ, ಒಣಗಿಸುವ, ರಿಪೇರಿ ಮಾಡುವ ಕೆಲಸ ಊರಿನಲ್ಲಿಯೇ ಹುಟ್ಟುತ್ತದೆ.

“ಉಳಿತಾಯ ರೀಲರಿನದು, ನಮಗೇನು?” ಎಂದು ಕೂಲಿಕಾರರು ಕೇಳುತ್ತಾರೆ. ನ್ಯಾಯವಾದ ಮಾತು. ಆದರೆ ಎರಡು ಬೇಸಿನ್ ಇಟ್ಟುಕೊಂಡು ಸಾಲದಲ್ಲಿ ಮುಳುಗಿರುವ ಸಣ್ಣ ರೀಲರನ್ನು ಬಂಡವಾಳಗಾರನೆಂದು ಬೈಯುವುದರಿಂದ ಕೂಲಿಯವನ ಹೊಟ್ಟೆ ತುಂಬದು. ಅವನು ಗೂಡಿನ ದರಕ್ಕೂ ನೂಲು ಕೊಳ್ಳುವ ಸಾಹುಕಾರನ ದರಕ್ಕೂ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಅವನ ಸೌದೆಯ ಖರ್ಚು ಇಳಿಯಲಿ. ಇಳಿದದ್ದರಲ್ಲಿ ಒಂದು ಪಾಲು ಕೂಲಿಗೆ ಸೇರಲಿ. ಇದನ್ನು ದಾನವೆಂದು ಬೇಡಬೇಕಾಗಿಲ್ಲ. ಒಪ್ಪಂದವಾಗಿ ಬರೆಸಬೇಕು.

ನಮ್ಮ ಬೇಡಿಕೆ

ಒಂದು. ಗೂಡಿನ ಮಾರುಕಟ್ಟೆಗಳ ಬಳಿ ಸಹಕಾರಿ ಸೌದೆ ಡಿಪೋ ಬೇಕು. ಬೇಸಿಗೆಯಲ್ಲಿ ಕಡ್ಡಿ, ಕೊಂಬೆ, ಚಿಪ್ಪು ಕೊಂಡು, ಸೂರಿನಡಿ ಒಣಗಿಸಿ, ತುಂಡು ಮಾಡಿ, ತೂಕದ ಜೊತೆಗೆ ತೇವವನ್ನೂ ಅಳೆದು ಮಾರಬೇಕು. ನೀರಿಗೆ ಹಣ ಕೊಡುವ ಕಾಲ ಮುಗಿಯಬೇಕು.

ಎರಡು. ಗ್ಯಾಸಿಫೈಯರನ್ನೂ ಸುಧಾರಿತ ಬಾಯ್ಲರನ್ನೂ ಬಾಡಿಗೆಗೆ ಕೊಡುವ ಏರ್ಪಾಟು ಬೇಕು. ಒಂದು ಬೀದಿಯ ಹತ್ತು ರೀಲರುಗಳು ಕೂಡಿ ಒಂದೇ ಬಾಯ್ಲರಿನಿಂದ ಹಬೆ ಪಡೆಯಬಹುದು. ಐ.ಟಿ.ಐ. ಓದಿದ ನಮ್ಮ ಹುಡುಗರಿಗೆ ಇದರ ರಿಪೇರಿ ಕಲಿಸಬೇಕು. ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆ ಕನಕಪುರದ ರಸ್ತೆಯಲ್ಲೇ ಇದೆ. ಅಲ್ಲಿಯ ವಿದ್ಯೆ ಬಿಚ್ಚಾಣಿಕೆ ಮನೆಯ ಬಾಗಿಲಿಗೆ ಬರಲಿ.

ಮೂರು. ಸಹಾಯಧನ ಪಡೆದ ಪ್ರತಿ ಮನೆಯಲ್ಲಿ ಕಿಟಕಿ, ಹೊಗೆಗೂಡು, ಅನಿಲ ಸೋರಿದರೆ ಕೂಗುವ ಗಂಟೆ ಕಡ್ಡಾಯವಾಗಬೇಕು. ಹೊಗೆ ಇಳಿಯಿತೇ ಎಂದು ಯಜಮಾನನನ್ನು ಮಾತ್ರ ಕೇಳದೆ ತೊಟ್ಟಿಯ ಮುಂದೆ ಕುಳಿತವಳನ್ನೂ ಕೇಳಿ ಬರೆಯಬೇಕು.

ನಾಲ್ಕು. ದೊಡ್ಡ ಸ್ಥಾವರಗಳಿಗೆ ಅಪ್ಪಣೆ ಕೊಡುವ ಮೊದಲು ಆ ಸುತ್ತಿನ ಕಡ್ಡಿ ಸೌದೆಯಲ್ಲಿ ಅಡಿಗೆಗೆ ಎಷ್ಟು, ಮೇವಿಗೆ ಎಷ್ಟು, ಮಣ್ಣಿಗೆ ಎಷ್ಟು, ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು. ಬೆಂಗಳೂರಿನ ಕಸದಿಂದ ವಿದ್ಯುತ್ ತೆಗೆಯಲು ಬಿಡದಿಯಲ್ಲಿ 11.5 ಮೆಗಾವಾಟಿನ ಸ್ಥಾವರ ಕಟ್ಟಿದ್ದಾರೆ. ಅಲ್ಲಿಯ ಗಾಳಿಯ ಅಳತೆಯನ್ನು ಊರಿನವರು ಓದುವಂತೆ ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಬೇಕು.

ಐದು. ಒಂದು ಹಸುವಿನ ಮನೆಗಳು ಕೂಡಿ ನಡೆಸುವ ಗೋಬರ್ ಗ್ಯಾಸಿಗೆ ಮೊದಲ ಸಹಾಯಧನ ಬೇಕು. ಸಗಣಿಯ ಪುಸ್ತಕ ಹೆಂಗಸರ ಹೆಸರಿನಲ್ಲಿ ಇರಬೇಕು. ಕಟ್ಟುವ ಹಣದ ಜೊತೆಗೆ ಹತ್ತು ವರ್ಷದ ರಿಪೇರಿಯ ಹಣವನ್ನೂ ಎತ್ತಿಡಬೇಕು.

ಇವು ಆಕಾಶದಿಂದ ಚಂದ್ರನನ್ನು ತರುವ ಬೇಡಿಕೆಗಳಲ್ಲ. ಸೌದೆ ನಮ್ಮಲ್ಲಿದೆ, ಯಂತ್ರದ ವಿದ್ಯೆ ನಮ್ಮ ದೇಶದಲ್ಲಿಯೇ ಇದೆ, ಕೆಲಸ ಮಾಡುವ ಕೈಗಳು ಇವೆ. ಕೂಡಿ ಕೇಳುವ ಬಾಯಿ ಮಾತ್ರ ಸಾಲದಾಗಿದೆ.

ಮುಂದಿನ ಮಳೆಗಾಲ ದೂರವಿಲ್ಲ. ಮೊದಲ ಮಳೆ ಬಿದ್ದ ಮರುದಿನ ಆ ತಾಯಿ ಮತ್ತೆ ತೊಟ್ಟಿಯ ಮುಂದೆ ಕೂರುತ್ತಾಳೆ. ಆ ದಿನ ಅವಳ ಒಲೆಗೆ ಒಣ ಸೌದೆ ಬರುವಂತೆ ಮಾಡುವುದು ಈ ಬೇಸಿಗೆಯಲ್ಲಿ ನಮ್ಮ ಕೈಯಲ್ಲಿದೆ. ಪ್ರತಿ ಬೀದಿಯಲ್ಲಿಯೂ ರೀಲರುಗಳೂ ಕೂಲಿಕಾರರೂ ಒಟ್ಟಿಗೆ ಕುಳಿತು, ತಮ್ಮ ಬೀದಿಯಲ್ಲಿ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಅದಕ್ಕೆ ಎಷ್ಟು ಹಣ ಹೋಗುತ್ತದೆ ಎಂದು ಬರೆದಿಡಲಿ. ಆ ಲೆಕ್ಕವನ್ನು ನಮ್ಮ ಕಚೇರಿಗೆ ತಂದುಕೊಟ್ಟರೆ ಕೂಡಿಸುವ ಕೆಲಸ ನಮ್ಮದು. ಬೆಂಕಿಯ ದರವೂ ಗೂಡಿನ ದರದ ಪಕ್ಕದಲ್ಲಿ ಹಲಗೆಯ ಮೇಲೆ ಬರಲಿ.